ಕಾರ್ಖಾನೆಯಿಂದ ಕರಣೆಯವರೆಗೆ: ಸ್ವಂತ ಮನೆಗೆ ಸಿಮೆಂಟ್ ತರುವ ಬಗೆ

ಗುತ್ತಿಗೆದಾರನಿಗೆ ಇಡಿಯಾಗಿ ಒಪ್ಪಿಸದೆ, ಗೌಂಡಿಯನ್ನೂ ಕೂಲಿಯಾಳುಗಳನ್ನೂ ತಾವೇ ಗೊತ್ತುಮಾಡಿಕೊಂಡು, ಮರಳು, ಜಲ್ಲಿ, ಇಟ್ಟಿಗೆ, ಸಿಮೆಂಟ್‌ಗಳನ್ನು ತಾವೇ ತಂದುಹಾಕಿ ಮನೆ ಕಟ್ಟಿಸುವ ಪದ್ಧತಿ ಹೊಸಪೇಟೆ, ಸಂಡೂರು, ಕಂಪ್ಲಿ ಮತ್ತು ಹಂಪಿ ಪರಿಸರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಂಥ ಕೆಲಸದಲ್ಲಿ ಮನೆಯ ಯಜಮಾನನೇ ಉಗ್ರಾಣಿಕ, ಅವನೇ ಲೆಕ್ಕಿಗ, ಎಷ್ಟೋ ಬಾರಿ ಅವನೇ ಹಮಾಲ. ಕಬ್ಬಿಣ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಇಟ್ಟಿಗೆ ಕೆಟ್ಟದ್ದಾದರೆ ಒಡೆದು ನೋಡಿ ತಿಳಿಯಬಹುದು. ಸಿಮೆಂಟ್ ಹಾಗಲ್ಲ. ಚೀಲದೊಳಗೇ ಅರ್ಧ ಸತ್ತಿದ್ದರೂ ಅದರ ಬಣ್ಣ ಬದಲಾಗುವುದಿಲ್ಲ. ದೋಷ ತಿಳಿಯುವುದು ಛಾವಣಿ ಬಿದ್ದ ಮೇಲೆ ಅಥವಾ ಗಿಲಾವು ಉದುರತೊಡಗಿದ ಮೇಲೆ. ಆದಕಾರಣ ಸಿಮೆಂಟನ್ನು ಎಲ್ಲಿಂದ, ಯಾವ ವಾಹನದಲ್ಲಿ, ಎಷ್ಟು ತರಬೇಕು, ಎಲ್ಲಿ ಇಡಬೇಕು, ಹೇಗೆ ಮುಟ್ಟಬೇಕು ಎಂಬ ವಿಷಯಗಳು ಸಣ್ಣವೆಂದು ತೋರಿದರೂ ಕುಟುಂಬವೊಂದರ ಜೀವಮಾನದ ಉಳಿತಾಯ ಅವುಗಳ ಮೇಲೆ ನಿಂತಿರುತ್ತದೆ.

ಮೊದಲು ಲೆಕ್ಕ. ಸಾಧಾರಣ ತಾರಸಿ ಮನೆಗೆ ಚದರ ಅಡಿಗೆ 0.4 ಚೀಲ ಸಿಮೆಂಟ್ ಬೇಕೆಂಬುದು ಕಟ್ಟಡ ವೃತ್ತಿಯಲ್ಲಿ ರೂಢಿಯಲ್ಲಿರುವ ಅಂದಾಜು. ಅದರಂತೆ 1000 ಚದರ ಅಡಿಯ ಮನೆಗೆ ಸುಮಾರು 400 ಚೀಲ ಬೇಕು. ಒಂದು ಚೀಲಕ್ಕೆ 50 ಕಿಲೋ. ಒಟ್ಟು 20 ಟನ್. ಅಂಗಡಿಯಲ್ಲಿ ವಾಹನಕ್ಕೆ ಏರಿಸುವಾಗ, ನಿವೇಶನದಲ್ಲಿ ಇಳಿಸುವಾಗ, ಅಲ್ಲಿಂದ ಕಲಸುವ ಜಾಗಕ್ಕೆ ಒಯ್ಯುವಾಗ ಹೀಗೆ ಕಡಿಮೆಯೆಂದರೂ ಮೂರು ಬಾರಿ ಪ್ರತಿ ಚೀಲವೂ ಮನುಷ್ಯನ ಬೆನ್ನೇರುತ್ತದೆ. ಎಂದರೆ ಒಂದು ಸಣ್ಣ ಮನೆಗಾಗಿ ಮಾನವ ಶ್ರಮದಿಂದ ಎತ್ತುವ ಸಿಮೆಂಟಿನ ಭಾರವೇ 60 ಟನ್.

ಸಿಮೆಂಟ್ ಬರುವುದೆಲ್ಲಿಂದ?

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಸಿಮೆಂಟಿನ ಮಟ್ಟಿಗೆ ಈ ನಾಲ್ಕೂ ಊರುಗಳು ಒಂದೇ ಸೀಮೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಜೆಎಸ್‌ಡಬ್ಲ್ಯು ಸಿಮೆಂಟ್ ಘಟಕವಿದೆ. ಕಬ್ಬಿಣದ ಅದಿರನ್ನು ಊದುಕುಲುಮೆಯಲ್ಲಿ ಕರಗಿಸಿದಾಗ ಮೇಲೆ ತೇಲುವ ಕಿಟ್ಟವನ್ನು ನೀರಿನಿಂದ ಥಟ್ಟನೆ ತಣಿಸಿ, ನುಣ್ಣಗೆ ಅರೆದು, ಕ್ಲಿಂಕರ್‌ನೊಂದಿಗೆ ಸೇರಿಸಿದರೆ ಸ್ಲ್ಯಾಗ್ ಸಿಮೆಂಟ್ ಆಗುತ್ತದೆ. ಸಂಡೂರಿನ ಗುಡ್ಡದಿಂದ ಅದಿರಾಗಿ ಹೊರಟ ಮಣ್ಣಿನ ಒಂದಂಶ ಹೀಗೆ ಸಿಮೆಂಟಿನ ಚೀಲ ಸೇರಿ ಅದೇ ಊರಿನ ಮನೆಗೆ ಮರಳುವುದು ಒಂದು ವಿಶೇಷವೇ ಸರಿ. ಇದಲ್ಲದೆ ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಕಡೆಯ ಸುಣ್ಣದ ಕಲ್ಲಿನ ಪ್ರದೇಶದಲ್ಲೂ ದೊಡ್ಡ ಕಾರ್ಖಾನೆಗಳಿವೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಿಮೆಂಟ್ ದೊರೆಯುತ್ತದೆ. ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ಐಎಸ್ 269 ಮಾನಕಕ್ಕೆ ಒಳಪಟ್ಟದ್ದು. ಹಾರುಬೂದಿ ಬೆರೆಸಿದ ಪೊಜೊಲಾನಾ ಸಿಮೆಂಟಿಗೆ ಐಎಸ್ 1489, ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455 ಎಂಬ ಮಾನಕಗಳಿವೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಕಿಟ್ಟದ ಪ್ರಮಾಣ ಶೇ. 25ರಿಂದ 70ರವರೆಗೆ ಇರಬಹುದು. ಬೆರಕೆ ಎಂದಾಕ್ಷಣ ಕಲಬೆರಕೆ ಎಂದು ತಿಳಿಯಬೇಕಾಗಿಲ್ಲ. ನೆಲದ ಉಪ್ಪು ಮತ್ತು ತೇವಗಳನ್ನು ತಾಳುವುದರಲ್ಲಿ ಸ್ಲ್ಯಾಗ್ ಸಿಮೆಂಟ್ ಮೇಲುಗೈ ಪಡೆದಿದೆ. ಆದರೆ ಅದು ಮೊದಲ ದಿನಗಳಲ್ಲಿ ನಿಧಾನವಾಗಿ ಬಲ ಗಳಿಸುವ ಸ್ವಭಾವದ್ದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕಾದರೆ, ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ ಉಣಿಸಬೇಕು, ಸಾಧ್ಯವಿದ್ದಲ್ಲಿ 14 ದಿನಕ್ಕೆ ವಿಸ್ತರಿಸಬೇಕು ಎಂದು ಐಎಸ್ 456 ಸಂಹಿತೆ ಹೇಳುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಈ ದಿನಗಳನ್ನು ಕಡಿತಗೊಳಿಸುವುದು ಸಿಮೆಂಟಿಗೆ ಕೊಟ್ಟ ಹಣವನ್ನು ಗಾಳಿಗೆ ತೂರಿದಂತೆ.

ಬಲ್ಕ್ ಸಿಮೆಂಟ್ ಮತ್ತು ಸ್ವಂತ ಮನೆ

ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ ಹೋಗಿಬರುವವರು ಉದ್ದನೆಯ, ಹೊಟ್ಟೆ ಕೆಳಗೆ ಬಾಗಿದ, ಹಾಲಿನ ಟ್ಯಾಂಕರನ್ನು ಹೋಲುವ ವಾಹನಗಳನ್ನು ಕಂಡಿರುತ್ತಾರೆ. ಇವು ಚೀಲಕ್ಕೆ ತುಂಬದ ಬಿಡಿ ಸಿಮೆಂಟನ್ನು ಒಯ್ಯುವ ಬಲ್ಕರ್‌ಗಳು. ಇದನ್ನು ಇಳಿಸಲು ಸಲಿಕೆಯೂ ಬೇಡ, ಹಮಾಲರೂ ಬೇಡ. ವಾಹನದ ಕಂಪ್ರೆಸರ್ ಟ್ಯಾಂಕಿನೊಳಗೆ ಗಾಳಿ ತುಂಬುತ್ತದೆ. ನುಣುಪಾದ ಪುಡಿ ಗಾಳಿಯೊಡನೆ ಬೆರೆತು ನೀರಿನಂತೆ ಹರಿಯತೊಡಗುತ್ತದೆ. ದಪ್ಪ ಕೊಳವೆಯ ಮೂಲಕ ಎತ್ತರದ ಉಕ್ಕಿನ ಕಣಜವನ್ನು, ಎಂದರೆ ಸೈಲೋವನ್ನು, ಸೇರುತ್ತದೆ. ಒಳಬಂದ ಗಾಳಿ ಹೊರಹೋಗಲು ಕಣಜದ ನೆತ್ತಿಯಲ್ಲಿ ಶೋಧಕವಿರುತ್ತದೆ. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಶೋಧಕ ಕಟ್ಟಿಕೊಂಡಿದ್ದರೆ, ಅಥವಾ ಕಣಜ ತುಂಬಿದ ಮೇಲೂ ಗಾಳಿ ಹೊಡೆದರೆ ಅಪಾಯ ತಪ್ಪಿದ್ದಲ್ಲ. ಇದು ತರಬೇತಿ ಪಡೆದವರು ಮಾಡುವ ಕೆಲಸ.

ಚೀಲದ ಖರ್ಚಿಲ್ಲ, ಹರಿದು ಸೋರುವ ನಷ್ಟವಿಲ್ಲ, ಕೂಲಿಯಿಲ್ಲ. ಹಾಗಿದ್ದರೆ ಸ್ವಂತ ಮನೆಗೂ ಒಂದು ಬಲ್ಕರ್ ಏಕೆ ತರಿಸಬಾರದು ಎಂಬ ಪ್ರಶ್ನೆ ಏಳುವುದು ಸಹಜ. ಲೆಕ್ಕದಲ್ಲಿ ಇದು ಹೊಂದುವಂತೆಯೂ ಕಾಣುತ್ತದೆ: 1000 ಚದರ ಅಡಿ ಮನೆಗೆ ಬೇಕಾದ 20 ಟನ್ ಒಂದು ಬಲ್ಕರ್‌ನ ಹೊರೆಗೆ ಸಮೀಪದ್ದು. ಆದರೆ ಆ 20 ಟನ್ ಒಂದೇ ದಿನ ಬೇಕಾಗುವುದಿಲ್ಲ. ತಳಪಾಯದಿಂದ ಗಿಲಾವಿನವರೆಗೆ ಎಂಟು ಹತ್ತು ತಿಂಗಳು ಕೆಲಸ ಎಳೆಯುತ್ತದೆ. ಬಿಡಿ ಸಿಮೆಂಟನ್ನು ಗಾಳಿಯಾಡದ ಕಣಜದಲ್ಲಲ್ಲದೆ ಬೇರೆಲ್ಲೂ ಇಡುವಂತಿಲ್ಲ. ಕಣಜಕ್ಕೆ ಕಾಂಕ್ರೀಟಿನ ಬುನಾದಿ, ಕೆಳಗೆ ತೂಕದ ಯಂತ್ರ, ವಿದ್ಯುತ್ತು ಎಲ್ಲವೂ ಬೇಕು. ಮನೆಯ ಅರ್ಧ ವೆಚ್ಚ ಕಣಜಕ್ಕೇ ಆದೀತು. ಬಿಡಿ ಸಿಮೆಂಟನ್ನು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಸುರಿದು ತಂದು, ತಾಡಪತ್ರಿ ಮುಚ್ಚಿ, ಮರಳಿನಂತೆ ಗುಡ್ಡೆ ಹಾಕುವ ಆಲೋಚನೆಯನ್ನಂತೂ ಕೈಬಿಡಲೇಬೇಕು. ದಾರಿಯಲ್ಲಿ ಹಾರಿಹೋಗುವ ಧೂಳು ಹಿಂದೆ ಬರುವವರ ಕಣ್ಣಿಗೆ, ಉಳಿದದ್ದು ರಾತ್ರಿಯ ಇಬ್ಬನಿಗೆ. ಹೀಗೆ ಬಿಡಿಯಾಗಿ ಕಡಿಮೆ ಬೆಲೆಗೆ ಸಿಗುವ ಸಿಮೆಂಟಿಗೆ ತಯಾರಿಕೆಯ ದಿನಾಂಕವಿಲ್ಲ, ಮಾನಕದ ಗುರುತಿಲ್ಲ, ರಸೀದಿಯೂ ಇಲ್ಲ. ಅದು ಎಲ್ಲಿಂದ ಬಂದ ಮಾಲೆಂದು ಕೊಂಡವನಿಗೆ ತಿಳಿಯುವ ದಾರಿಯೂ ಇಲ್ಲ.

ಬಲ್ಕ್ ಸಿಮೆಂಟ್ ಗೃಹಸ್ಥನ ಮನೆಗೆ ಬರುವ ನಿಜವಾದ ರೂಪ ಸಿದ್ಧ ಕಾಂಕ್ರೀಟ್, ಅಂದರೆ ರೆಡಿಮಿಕ್ಸ್. ಘಟಕದ ಕಣಜದಿಂದ ತೂಕಕ್ಕೆ ಸರಿಯಾಗಿ ಇಳಿದ ಸಿಮೆಂಟ್, ಜಲ್ಲಿ, ಮರಳು, ನೀರು ಸುತ್ತುವ ಪೀಪಾಯಿಯ ಲಾರಿಯಲ್ಲಿ ಮನೆಯ ಮುಂದೆ ಬಂದು ನಿಲ್ಲುತ್ತವೆ. 1000 ಚದರ ಅಡಿಯ, 5 ಅಂಗುಲ ದಪ್ಪದ ಛಾವಣಿಗೆ ಸುಮಾರು 11.8 ಘನ ಮೀಟರ್ ಕಾಂಕ್ರೀಟ್ ಬೇಕು. 6 ಘನ ಮೀಟರ್ ಹಿಡಿಸುವ ಎರಡು ಲಾರಿಗೆ ಕೆಲಸ ಮುಗಿಯಿತು. ಅದನ್ನೇ ಕೈಯಲ್ಲಿ ಕಲಸುವುದಾದರೆ 1:1.5:3ರ ಪಾಕಕ್ಕೆ 90ರಿಂದ 95 ಚೀಲ ಬೇಕಾಗುತ್ತದೆ ಮತ್ತು ಇಡೀ ದಿನ ಇಪ್ಪತ್ತು ಮೂವತ್ತು ಆಳುಗಳು ದುಡಿಯಬೇಕಾಗುತ್ತದೆ.

ಇಲ್ಲಿ ನೆನಪಿಡಬೇಕಾದ ಅಂಶಗಳೆರಡು. ಮೊದಲನೆಯದು ಸಮಯ. ಐಎಸ್ 4926 ಪ್ರಕಾರ ನೀರು ಬಿದ್ದು ಲಾರಿ ತುಂಬಿದ ಎರಡು ಗಂಟೆಯೊಳಗೆ ಕಾಂಕ್ರೀಟನ್ನು ಇಳಿಸಬೇಕು. ಹೊಸಪೇಟೆಯಿಂದ ಸಂಡೂರಿಗಾಗಲಿ ಕಂಪ್ಲಿಗಾಗಲಿ ಸುಮಾರು 30 ಕಿ.ಮೀ. ದಾರಿ, ಸಲೀಸಾದ ದಿನ ಇದು ಏನೂ ಅಲ್ಲ. ಆದರೆ ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ, ಬೇಸಿಗೆಯ ಮಧ್ಯಾಹ್ನವಾದರೆ, ಎರಡು ಗಂಟೆ ಬಹು ಬೇಗ ಕರಗುತ್ತದೆ. ಗಟ್ಟಿಯಾಗತೊಡಗಿದ ಕಾಂಕ್ರೀಟಿಗೆ ಸ್ಥಳದಲ್ಲಿ ಬಕೆಟ್‌ಗಟ್ಟಲೆ ನೀರು ಹೊಯ್ದು ಸಡಿಲಗೊಳಿಸುವುದು ಛಾವಣಿಗೆ ಮಾಡುವ ದ್ರೋಹ. ಎರಡನೆಯದು ಭಾರ. 6 ಘನ ಮೀಟರ್ ಕಾಂಕ್ರೀಟೇ 14 ಟನ್ನಿಗೂ ಮೇಲ್ಪಟ್ಟದ್ದು. ಲಾರಿಯ ತೂಕ ಬೇರೆ. ಕಂಪ್ಲಿಯ ಕೋಟೆ ಭಾಗದ ಓಣಿಗಳಲ್ಲಿ, ಹಳೆಯ ಹೊಸಪೇಟೆಯ ಬೀದಿಗಳಲ್ಲಿ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ ಈ ಭಾರವನ್ನು ತಾಳುವುದಿಲ್ಲ. ಲಾರಿ ಎಲ್ಲಿ ನಿಲ್ಲಬೇಕು, ಪಂಪಿನ ಕೊಳವೆ ಎಷ್ಟು ಉದ್ದ ಬೇಕು ಎಂಬುದನ್ನು ಹಿಂದಿನ ದಿನವೇ ಹೆಜ್ಜೆ ಹಾಕಿ ಅಳೆದಿರಬೇಕು.

ಚೀಲ ಕೊಳ್ಳುವಾಗ

ಉಳಿದ ಕೆಲಸಕ್ಕೆಲ್ಲ ಚೀಲವೇ ಗತಿ. ಚೀಲದ ಮೇಲೆ ಐಎಸ್‌ಐ ಗುರುತು, ಪರವಾನಗಿ ಸಂಖ್ಯೆ, ಸಿಮೆಂಟಿನ ಬಗೆ, ತಯಾರಾದ ವಾರ ಮತ್ತು ವರ್ಷ ಮುದ್ರಿತವಾಗಿರಬೇಕು. ವರ್ಷದ 52 ವಾರಗಳಲ್ಲಿ ಎಷ್ಟನೆಯದೆಂದು ವಾರದ ಸಂಖ್ಯೆ ತಿಳಿಸುತ್ತದೆ: 32 ಎಂದಿದ್ದರೆ ಆಗಸ್ಟ್ ತಿಂಗಳ ಮಾಲು. ಅಂಗಡಿಯವರು ತೋರಿಸುವ ಒಂದು ಚೀಲವನ್ನು ನೋಡಿ ತೃಪ್ತರಾಗದೆ, ವಾಹನಕ್ಕೆ ಏರುವ ಚೀಲಗಳಲ್ಲಿ ನಾಲ್ಕಾರನ್ನು ನೋಡುವುದು ಲೇಸು. ಹಳೆಯ ಮಾಲು ಹೊಸದರ ಅಡಿಯಲ್ಲಿ ಸೇರಿಕೊಳ್ಳುವುದುಂಟು. ಬಾಯಿಯ ಹೊಲಿಗೆ ಬಿಚ್ಚಿ ಮತ್ತೆ ಹಾಕಿದಂತಿದ್ದರೆ ಬೇಡವೆನ್ನಬೇಕು. ಬಿಚ್ಚಿದ ಚೀಲದೊಳಗೆ ಕೈ ತೂರಿಸಿದರೆ ತಂಪೆನಿಸಬೇಕು, ಬೆರಳುಗಳ ನಡುವೆ ತಿಕ್ಕಿದರೆ ನುಣುಪಾಗಿರಬೇಕು ಎಂಬ ಗೌಂಡಿಗಳ ಪರೀಕ್ಷೆಗೆ ಅದರದೇ ಬೆಲೆಯಿದೆಯಾದರೂ ಅದು ಬಲದ ಪ್ರಮಾಣವಲ್ಲ. ಬಲವನ್ನು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ.

ರಸೀದಿಯಿಲ್ಲದೆ ಕೊಂಡರೆ ತೆರಿಗೆ ಉಳಿಯುತ್ತದೆಂಬ ಆಸೆ ಹಲವರಿಗೆ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18ಕ್ಕೆ ಇಳಿದಿದೆ. ಮುಂದೆ ಛಾವಣಿಯಲ್ಲಿ ದೋಷ ಕಂಡು ಗ್ರಾಹಕರ ಆಯೋಗದ ಮೆಟ್ಟಿಲೇರುವ ಪ್ರಸಂಗ ಬಂದರೆ ಕೈಯಲ್ಲಿ ಇರಬೇಕಾದದ್ದು ರಸೀದಿ, ಮತ್ತು ವಾರದ ಸಂಖ್ಯೆ ಮುದ್ರಿತವಾದ ಚೀಲದ ತುಂಡು. ಪ್ರತಿ ಕಂತಿನ ಒಂದು ಚೀಲದಿಂದ ಆ ಭಾಗವನ್ನು ಕತ್ತರಿಸಿ ರಸೀದಿಯೊಡನೆ ಇಟ್ಟುಕೊಂಡರೆ ಖರ್ಚೇನೂ ಇಲ್ಲ.

ಈ ಎಲ್ಲ ಆಯ್ಕೆಯ ಮಾತು ಇಂದಿನದು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ನಿಯಂತ್ರಣ ತೆಗೆಯುವವರೆಗೆ ಸಿಮೆಂಟಿನ ಬೆಲೆ ಮತ್ತು ಹಂಚಿಕೆ ಸರ್ಕಾರದ ಹಿಡಿತದಲ್ಲಿದ್ದವು. ಪರ್ಮಿಟ್‌ಗಾಗಿ ಕಚೇರಿಗೆ ಅಲೆದು, ಸಿಕ್ಕಷ್ಟು ಚೀಲಗಳಲ್ಲಿ ಮನೆ ಮುಗಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಸಿಕ್ಕಾಗಲೇ ಕೊಂಡು ಕೂಡಿಡುವ ಹಿರಿಯರ ಅಭ್ಯಾಸ ಆ ಕಾಲದ್ದು. ಇಂದು ಅದೇ ಅಭ್ಯಾಸ ನಷ್ಟದ ಬಾಬತ್ತು.

ಸಾಗಣೆ

ವಾಹನದ ಆಯ್ಕೆ ಚೀಲಗಳ ಸಂಖ್ಯೆಯನ್ನು ಅವಲಂಬಿಸಿದೆ. ಮುಕ್ಕಾಲು ಟನ್ ಹೊರುವ ಸಣ್ಣ ಸರಕು ವಾಹನಕ್ಕೆ 15 ಚೀಲ ಮಿತಿ. ಇನ್ನೈದು ಹಾಕಿ ಎಂದು ಒತ್ತಾಯಿಸಿದರೆ ಚಾಲಕ ಒಪ್ಪಿಕೊಂಡಾನು, ಬ್ರೇಕು ಒಪ್ಪಿಕೊಳ್ಳಲಾರದು. ಟ್ರ್ಯಾಕ್ಟರ್ ಟ್ರೇಲರ್ ಈ ಸೀಮೆಯಲ್ಲಿ ಎಲ್ಲ ಕೆಲಸಕ್ಕೂ ಒದಗುವ ವಾಹನ. ಗೊಬ್ಬರ, ಕಬ್ಬು, ಜಲ್ಲಿ ತುಂಬಿದ ಟ್ರೇಲರನ್ನು ಗುಡಿಸಿ ಒಣಗಿಸದೆ ಸಿಮೆಂಟ್ ಏರಿಸಬಾರದು. ತಳದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ, ಮೇಲೆ ಬಿಗಿದು ಕಟ್ಟಿದ ತಾಡಪತ್ರಿ ಬೇಸಿಗೆಯಲ್ಲೂ ಇರಬೇಕು. ಚೀಲಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವುದು ಸರ್ವೇಸಾಮಾನ್ಯ ದೃಶ್ಯ. ಟ್ರೇಲರ್ ಮಗುಚಿದರೆ ಅವರ ಮೇಲೆ ಬೀಳುವುದು ಐವತ್ತು ಐವತ್ತು ಕಿಲೋದ ಮೂಟೆಗಳೆಂಬುದನ್ನು ಯಜಮಾನರು ಮರೆಯಬಾರದು.

ಏರಿಸುವಾಗ ಇಳಿಸುವಾಗ ಕಬ್ಬಿಣದ ಕೊಕ್ಕೆ ಬಳಸುವುದನ್ನು ಮೊದಲೇ ನಿಷೇಧಿಸಬೇಕು. ಗೋಣಿಚೀಲದ ಕಾಲದ ಆ ಸಲಕರಣೆ ಇಂದಿನ ಹೆಣೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚದ ತೂತು ಮಾಡುತ್ತದೆ. ಸೋರುವ ಸಿಮೆಂಟಿಗಿಂತ ಆ ತೂತಿನಿಂದ ಒಳಹೋಗುವ ತೇವವೇ ಹೆಚ್ಚಿನ ಹಾನಿ.

ಊರಿಂದ ಊರಿಗೆ ಸಮಸ್ಯೆ ಬೇರೆ. ಕಂಪ್ಲಿಯಲ್ಲಿ ಮನೆ ಕಟ್ಟುವವರು ಗಂಗಾವತಿ ಕಡೆಯಿಂದ ಮಾಲು ತರುವುದಾದರೆ ನದಿಯ ಕಡೆಗೊಂದು ಕಣ್ಣಿಟ್ಟಿರಬೇಕು. ತುಂಗಭದ್ರಾ ಜಲಾಶಯದಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಹಲವು ಮಳೆಗಾಲಗಳಲ್ಲಿ ನಡೆದಿದೆ. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೂಲಕ ಸುತ್ತಿಬರಬೇಕು. ಜುಲೈ–ಆಗಸ್ಟ್‌ನಲ್ಲಿ ಛಾವಣಿಯ ದಿನ ಗೊತ್ತುಮಾಡಿದ್ದರೆ ಸಿಮೆಂಟ್ ಎರಡು ಮೂರು ದಿನ ಮೊದಲೇ ನದಿಯ ಈಚೆಗೆ ಬಂದಿರುವುದು ಕ್ಷೇಮ. ಸಂಡೂರಿನ ತೊಡಕು ಗುಡ್ಡದ ಮಳೆ ಮತ್ತು ಮಂಜು. ಹೊಸಪೇಟೆಯಲ್ಲಿ ಬಿಸಿಲಿದ್ದಾಗಲೂ ಅಲ್ಲಿ ಜಿನುಗುತ್ತಿರಬಹುದು. ಅಲ್ಲಿಗೆ ತರುವ ದಾಸ್ತಾನು ಇನ್ನೂ ಸಣ್ಣದಿರಬೇಕು.

ಹಂಪಿಯ ವಿಚಾರವೇ ಬೇರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶದಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅನುಮತಿಯ ಪತ್ರ ಕೈಸೇರುವ ಮೊದಲೇ ಸಿಮೆಂಟ್ ತಂದಿಟ್ಟವರಿಗೆ ಎರಡು ಬಗೆಯ ನಷ್ಟ: ಕೆಲಸವೂ ಸಾಗದು, ಕಾಯುವಷ್ಟರಲ್ಲಿ ಚೀಲವೂ ಕಲ್ಲಾಗುತ್ತದೆ. ಭಾರಿ ವಾಹನಗಳ ಓಡಾಟ ಇಲ್ಲಿ ಬಹುಕಾಲದ ವಿವಾದ. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಕಟ್ಟತೊಡಗಿದ ಸೇತುವೆಯ ಕಾರಣದಿಂದಲೇ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಯಲ್ಲಿತ್ತು. ಅದೇ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿ ನಡೆಯುತ್ತಿದ್ದಾಗಲೇ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಹಂಪಿ ಕಡೆಯ ಹಳ್ಳಿಗಳಲ್ಲಿ ಅನುಮತಿ ದೊರೆತವರೂ ಸಣ್ಣ ವಾಹನದಲ್ಲಿ, ಸಣ್ಣ ಕಂತುಗಳಲ್ಲಿ ತರುವುದೇ ಸರಿ.

ದಾಸ್ತಾನು

ಸಿಮೆಂಟಿನ ಶತ್ರು ನೀರು. ಮಳೆಯ ನೀರಷ್ಟೇ ಅಲ್ಲ, ಗಾಳಿಯಲ್ಲಿರುವ ತೇವವೂ ಹೌದು. ಪುಡಿ ಎಷ್ಟು ನುಣುಪೋ ಅಷ್ಟು ಬೇಗ ಅದು ತೇವವನ್ನು ಹೀರಿ, ಚೀಲದೊಳಗೇ ಒಳಗೊಳಗೆ ಗಟ್ಟಿಯಾಗತೊಡಗುತ್ತದೆ. ಸಾಧಾರಣ ದಾಸ್ತಾನಿನಲ್ಲಿ ಮೂರು ತಿಂಗಳಿಗೆ ಬಲದ ಶೇ. 20, ಆರು ತಿಂಗಳಿಗೆ ಶೇ. 30, ವರ್ಷಕ್ಕೆ ಶೇ. 40ರಷ್ಟು ನಷ್ಟವಾಗುತ್ತದೆಂದು ಪಠ್ಯಪುಸ್ತಕಗಳು ಅಂದಾಜು ಕೊಡುತ್ತವೆ. ಮೂರು ತಿಂಗಳು ಮೀರಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಛಾವಣಿಗೆ, ಕಂಬಕ್ಕೆ ಬಳಸಬಾರದು. ಬೆಲೆ ಏರುವ ಮೊದಲೇ 400 ಚೀಲವನ್ನೂ ಕೊಂಡಿಡುವುದು ಲಾಭವಲ್ಲವೆಂಬುದು ಇದರಿಂದ ಸ್ಪಷ್ಟ. ಗೋಡೆಯ ಕೆಲಸಕ್ಕೆ 30ರಿಂದ 50 ಚೀಲದ ಕಂತು, ಛಾವಣಿಗೆ ಮಾತ್ರ ಹಿಂದಿನ ದಿನ ಒಟ್ಟಿಗೆ, ಈ ಕ್ರಮ ಹೆಚ್ಚಿನವರಿಗೆ ಹೊಂದುತ್ತದೆ.

ಇಡುವ ಕೋಣೆಗೆ ಸೋರದ ಸೂರು, ಮುಚ್ಚಬಹುದಾದ ಬಾಗಿಲು ಕಿಟಕಿ ಇದ್ದರೆ ಸಾಕು. ಗಾಳಿಯಾಡಲಿ ಎಂದು ಕಿಟಕಿ ತೆರೆದಿಡುವುದು ದವಸಕ್ಕೆ ಒಳ್ಳೆಯದು, ಸಿಮೆಂಟಿಗೆ ಅಲ್ಲ. ನೆಲದಿಂದ 15–20 ಸೆಂ.ಮೀ. ಎತ್ತರಕ್ಕೆ ಇಟ್ಟಿಗೆಯ ಮೇಲೆ ಹಲಗೆ ಹಾಸಿ, ಗೋಡೆಯಿಂದ ಸುಮಾರು 60 ಸೆಂ.ಮೀ. ದೂರ ಬಿಟ್ಟು ಒಟ್ಟಬೇಕು. ಚೀಲಗಳ ನಡುವೆ ಸಂದು ಬೇಡ. ಎತ್ತರ ಹತ್ತು ಚೀಲ ಮೀರಬಾರದು. ಎಂಟಕ್ಕಿಂತ ಮೇಲೆ ಹೋದರೆ ಇಟ್ಟಿಗೆ ಗೋಡೆಯಂತೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಜೋಡಿಸಬೇಕು. ಇಲ್ಲವಾದರೆ ಒಟ್ಟಿಲು ಜಾರುತ್ತದೆ. ಮಳೆಗಾಲದಲ್ಲಿ ಇಡೀ ಒಟ್ಟಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಮೊದಲು ಬಂದದ್ದು ಮೊದಲು ಖರ್ಚಾಗಬೇಕು; ಹೊಸ ಕಂತನ್ನು ಹಳೆಯದರ ಮೇಲೆಯೇ ಪೇರಿಸುತ್ತ ಹೋದರೆ ತಳದ ಚೀಲಗಳು ಗೃಹಪ್ರವೇಶದವರೆಗೂ ಅಲ್ಲಿಯೇ ಇರುತ್ತವೆ.

ಅಷ್ಟಾಗಿ ಯಾರೂ ಎಚ್ಚರಿಸದ ಅಪಾಯವೊಂದಿದೆ. ಕೆಳಗಿನ ಅಂತಸ್ತು ಮುಗಿದು ಮೇಲಿನದು ಏಳುವಾಗ, ಹೊತ್ತೊಯ್ಯುವ ಶ್ರಮ ತಪ್ಪಲೆಂದು ಸಿಮೆಂಟನ್ನು ಹೊಸ ಛಾವಣಿಯ ಮೇಲೆಯೇ ಒಟ್ಟುತ್ತಾರೆ. ಒಂದು ಚೀಲ ಹಿಡಿಯುವ ಜಾಗ 0.3 ಚದರ ಮೀಟರ್. ಹತ್ತು ಚೀಲದ ಒಟ್ಟಿಲೆಂದರೆ ಚದರ ಮೀಟರಿಗೆ 1600 ಕಿಲೋಗೂ ಅಧಿಕ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಬಳಕೆ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಎಂಟು ಪಟ್ಟು ಭಾರ, ಅದೂ ಇನ್ನೂ ಪೂರ್ಣ ಬಲ ಬಾರದ ಛಾವಣಿಯ ನಡುಭಾಗದಲ್ಲಿ! ಮೇಲಕ್ಕೆ ಒಯ್ಯಲೇಬೇಕಾದರೆ ಅಂದಿನ ಕೆಲಸಕ್ಕೆ ಬೇಕಾದಷ್ಟನ್ನೇ ಒಯ್ದು, ಗೋಡೆಗಳ ನೆತ್ತಿಯ ಉದ್ದಕ್ಕೆ ಒಂದೊಂದಾಗಿ ಹರಡಿಡಬೇಕು.

ಗಂಟು ಕಟ್ಟಿದ ಸಿಮೆಂಟಿನ ವಿಷಯದಲ್ಲಿ ಒಂದು ವಿವೇಚನೆ ಬೇಕು. ಮೇಲಿನ ಚೀಲಗಳ ಒತ್ತಡದಿಂದ ತಳದ ಚೀಲ ಗಟ್ಟಿಯಾದಂತೆ ತೋರಬಹುದು. ನೆಲದ ಮೇಲೆ ಎರಡು ಬಾರಿ ಉರುಳಿಸಿದರೆ ಸಡಿಲವಾಗುತ್ತದೆ, ಅದರಲ್ಲಿ ದೋಷವಿಲ್ಲ. ಬೆರಳಿನಿಂದ ಹಿಸುಕಿದರೂ ಪುಡಿಯಾಗದ ಗಂಟು ಮಾತ್ರ ತೇವ ಕುಡಿದದ್ದು. ಅಂಥ ಚೀಲವನ್ನು ಜರಡಿ ಹಿಡಿದು, ಗಂಟು ಎಸೆದು, ಉಳಿದದ್ದನ್ನು ಕಂಬಕ್ಕೆ ಹಾಕುವ ಉಳಿತಾಯ ಸಲ್ಲದು. ಗಂಟಿನ ಪಕ್ಕದ ಪುಡಿಯೂ ಅಷ್ಟೇ ತೇವ ಕಂಡಿರುತ್ತದೆ.

ಕಲಸುವಾಗ ಬುಟ್ಟಿಯ ಲೆಕ್ಕವನ್ನು ನಂಬುವುದಕ್ಕಿಂತ ಅಳತೆ ಪೆಟ್ಟಿಗೆ ಮೇಲು. ಒಳ ಅಳತೆ 40, 35, 25 ಸೆಂ.ಮೀ. ಇರುವ ಮರದ ಪೆಟ್ಟಿಗೆ 35 ಲೀಟರ್ ಹಿಡಿಯುತ್ತದೆ. ಒಂದು ಚೀಲ ಸಿಮೆಂಟಿನ ಗಾತ್ರವೂ ಸರಿಸುಮಾರು ಅಷ್ಟೇ. ಹೀಗಾಗಿ ಚೀಲವನ್ನು ಒಡೆದು ಭಾಗ ಮಾಡದೆ, ಒಂದು ಚೀಲಕ್ಕೆ ಇಷ್ಟು ಪೆಟ್ಟಿಗೆ ಮರಳು, ಇಷ್ಟು ಪೆಟ್ಟಿಗೆ ಜಲ್ಲಿ ಎಂದು ಹಾಕಬಹುದು. ನೀರು ಚೀಲಕ್ಕೆ 25ರಿಂದ 30 ಲೀಟರ್.

ಚರ್ಮ, ಕಣ್ಣು, ಬೆನ್ನು

ಒಣ ಸಿಮೆಂಟ್ ಮೈಗೆ ತಾಕಿದರೆ ತಕ್ಷಣ ಏನೂ ಆಗದು. ಬೆವರೋ ನೀರೋ ಸೇರಿದೊಡನೆ ಅದು ಸುಣ್ಣದ ನೀರಿಗಿಂತ ಕಡಿಮೆಯಿಲ್ಲದ ಕ್ಷಾರವಾಗುತ್ತದೆ. ಹಸಿ ಕಾಂಕ್ರೀಟಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಮೊದಲು ನೋವು ಗೊತ್ತಾಗುವುದಿಲ್ಲ. ಸಂಜೆಯ ಹೊತ್ತಿಗೆ ಬೆರಳ ಸಂದುಗಳು ಸುಟ್ಟು ಹುಣ್ಣಾಗಿರುತ್ತವೆ. ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಇರುವುದರಿಂದ ವರ್ಷಗಟ್ಟಲೆ ದುಡಿದವರಲ್ಲಿ ಬಗೆಹರಿಯದ ಕಜ್ಜಿ ಕಾಣಿಸಿಕೊಳ್ಳುತ್ತದೆ. ಐರೋಪ್ಯ ದೇಶಗಳು 2005ರಿಂದ ಇದಕ್ಕೆ ದಶಲಕ್ಷಕ್ಕೆ 2 ಭಾಗವೆಂಬ ಮಿತಿ ಹಾಕಿವೆ. ಗಮ್‌ಬೂಟು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮುಖಗವಸು ಇವುಗಳನ್ನು ಯಜಮಾನನೇ ತಂದುಕೊಟ್ಟರೆ ಆಗುವ ವೆಚ್ಚ ಒಟ್ಟು ಸಿಮೆಂಟಿನ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಕಾಲು ಗಂಟೆಗೂ ಹೆಚ್ಚು ತೊಳೆಯುತ್ತಲೇ ಇದ್ದು, ಅನಂತರ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಿಮೆಂಟ್ ಮೆತ್ತಿದ ಒದ್ದೆ ಬಟ್ಟೆಯನ್ನು ಮೈಮೇಲೆಯೇ ಒಣಗಲು ಬಿಡಬಾರದು. ಕೆಲಸದ ಜಾಗದಲ್ಲಿ ಆಳುಗಳ ಮಕ್ಕಳು ಸಿಮೆಂಟ್ ಗುಡ್ಡೆಯ ಬಳಿ ಆಡುವುದನ್ನು ತಡೆಯುವುದೂ ಯಜಮಾನನ ಹೊಣೆಯೇ.

ಬೆನ್ನಿನ ಮಾತು ಇನ್ನೂ ಕಠಿಣ. ವಯಸ್ಕ ಪುರುಷ ಕಾರ್ಮಿಕ ಕೈಯಿಂದ ಎತ್ತುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತು. ನಮ್ಮ ಚೀಲ ಆ ಅಂಚಿಗೆ ಬಂದು ನಿಂತಿದೆ. ಯೂರೋಪಿನಲ್ಲಿ 25 ಕಿಲೋ ಚೀಲ ಸಾಮಾನ್ಯವಾಗಿರುವಾಗ ಇಲ್ಲಿ 50 ಕಿಲೋ ಏಕೆ ಬದಲಾಗಿಲ್ಲ ಎಂದು ಕೇಳಬೇಕಾದ್ದೇ. ಅದು ಬದಲಾಗುವವರೆಗೆ ಸ್ವಂತ ಕೆಲಸ ಮಾಡಿಕೊಳ್ಳುವವರು ಇಬ್ಬರು ಸೇರಿ ಹಿಡಿಯಬೇಕು, ಇಲ್ಲವೇ ತಳ್ಳುಗಾಡಿ ಬಳಸಬೇಕು. ಒಬ್ಬರೇ ಎತ್ತುವುದಾದರೆ ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸಿ, ಚೀಲವನ್ನು ಮೈಗೆ ಒತ್ತಿಕೊಂಡು ಏಳಬೇಕು. ಅಭ್ಯಾಸವಿಲ್ಲದವರು ಉಳಿತಾಯದ ಹುರುಪಿನಲ್ಲಿ ಒಂದು ಲೋಡನ್ನು ತಾವೇ ಇಳಿಸಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಉಳಿದ ಹಮಾಲಿಯ ಹಣ ಔಷಧಿಗೂ ಸಾಲದು.

ಸಿಮೆಂಟಿನ ಮುನ್ನ

ಇಷ್ಟೆಲ್ಲ ಉಪಚಾರ ಬೇಡುವ ಈ ಪುಡಿಯನ್ನು ಮುಖ್ಯವಾಗಿ ನೆಚ್ಚದೆ ಕಟ್ಟಿದ ಮಹಾ ಕಟ್ಟಡ ಹೊಸಪೇಟೆಯ ಮಗ್ಗುಲಲ್ಲೇ ಇದೆ. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಎದ್ದದ್ದು. ಮದ್ರಾಸ್ ಪ್ರಾಂತ್ಯದ ಇಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಹೆಸರು ಈ ಕಾಮಗಾರಿಯೊಡನೆ ಬೆಸೆದಿದೆ. ಸುಟ್ಟ ಜೇಡಿಯ ಪುಡಿಯೇ ಸುರ್ಕಿ. ಅದನ್ನು ಸುಣ್ಣದೊಡನೆ ಅರೆದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟು ಕೂಡ ಇದೇ ಬಗೆಯದು. ಸ್ಲ್ಯಾಗ್ ಮತ್ತು ಹಾರುಬೂದಿ ಸಿಮೆಂಟಿನ ರಸಾಯನ ಸುರ್ಕಿ ಗಾರೆಯ ರಸಾಯನಕ್ಕೆ ದೂರದ ಬಂಧುವೇ ಆಗಿದೆ: ತಾನಾಗಿ ಗಟ್ಟಿಯಾಗಲು ಸಾಲದ ಸುಟ್ಟ ಪುಡಿ ಸುಣ್ಣದ ನೆರವಿನಿಂದ ಕಲ್ಲಾಗುವುದು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನೀರಿನಲ್ಲಿ ಅರಳಿಸಿ ಮುಚ್ಚಿಟ್ಟ ಸುಣ್ಣ ದಿನ ಕಳೆದಷ್ಟೂ ಹದಗೊಳ್ಳುತ್ತದೆ. ಸಿಮೆಂಟ್ ದಿನ ಕಳೆದಷ್ಟೂ ಕೆಡುತ್ತದೆ. ಹಂಪಿಯ ಗೋಪುರಗಳ ಇಟ್ಟಿಗೆ ಮತ್ತು ಗಚ್ಚಿನ ಕೆಲಸವೆಲ್ಲ ಸುಣ್ಣದ್ದು. ಕಮಲಾಪುರ, ಆನೆಗೊಂದಿಗಳಲ್ಲಿ ಹಳೆಯ ಸುಣ್ಣದ ಗಾರೆಯ ಮನೆಯುಳ್ಳವರು ದುರಸ್ತಿಗೆಂದು ಸಿಮೆಂಟ್ ಬಳಿಯುವ ಮುನ್ನ ಯೋಚಿಸುವುದು ಒಳ್ಳೆಯದು. ಸುಣ್ಣದ ಗೋಡೆ ತೇವವನ್ನು ಹೊರಬಿಡುತ್ತದೆ. ಮೇಲೆ ಬಳಿದ ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟು, ಕೆಲ ವರ್ಷಗಳಲ್ಲಿ ಇಟ್ಟಿಗೆಯನ್ನೂ ಕರೆದುಕೊಂಡು ಕಳಚಿ ಬೀಳುತ್ತದೆ.

ಕೆಲಸ ಮುಗಿದ ಮೇಲೆ ಒಂದೆರಡು ಚೀಲ ಉಳಿಯುವುದುಂಟು. ಬಾಯಿ ಬಿಚ್ಚದ ಚೀಲವನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಗಿದು ಕಟ್ಟಿದರೆ ಕೆಲ ವಾರ ಬಾಳುತ್ತದೆ. ಅಷ್ಟರೊಳಗೆ ಕಟ್ಟೆಗೋ ಚರಂಡಿಗೋ ಬಳಸಬೇಕು, ಅಥವಾ ಅಂಗಡಿಯವರು ಒಪ್ಪಿದರೆ ರಸೀದಿ ತೋರಿಸಿ ಹಿಂದಿರುಗಿಸಬೇಕು. ಖಾಲಿ ಚೀಲಗಳನ್ನು ಗಾಳಿಯಲ್ಲಿ ಕೊಡವಬಾರದು. ಇಡೀ ದಿನದ ಕೆಲಸಕ್ಕಿಂತ ಹೆಚ್ಚು ಧೂಳು ಮೂಗಿಗೆ ಹೋಗುವುದು ಆ ಐದು ನಿಮಿಷದಲ್ಲೇ. ಎಷ್ಟು ತೊಳೆದರೂ ಆ ಚೀಲಗಳಲ್ಲಿ ಅಕ್ಕಿ, ಜೋಳ, ದನದ ಹಿಂಡಿ ತುಂಬಬಾರದು. ಮಣ್ಣು ತುಂಬಿ ಹೊಲಿದು ಬದುವಿಗೆ ಒಟ್ಟಲು ಅವು ಚೆನ್ನಾಗಿ ಒದಗುತ್ತವೆ.